ನೀರಿನ ಪುಸ್ತಕದ ಹನ್ನೊಂದು ದಿನ

ವಸಂತ್ ಕುಂಜ್, ನವದೆಹಲಿ
೧೩ ಜುಲೈ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ನಮಸ್ಕಾರಗಳು. ಆಪರೇಷನ್ ಆದ ಕಣ್ಣು ಹೇಗಿದೆ? ಡ್ರಾಪ್ಸ್ ಹಾಕುವುದು ನಾಲ್ಕು ನಿಮಿಷ ತಡವಾಯಿತೆಂದು ನೀವು ಅತ್ತಿಗೆಗೆ ಗಡಿಯಾರ ತೋರಿಸಿದಿರಂತೆ. ಅಣ್ಣ ಫೋನಿನಲ್ಲಿ ಹೇಳಿ ನಕ್ಕ. ಮೈಸೂರಿಗೆ ಹೋದರೂ ನಿಮ್ಮ ಬುದ್ಧಿ ಬದಲಾಗಲಿಲ್ಲ. ಪೇಪರು ಓದುವ ಆಸೆಗೆ ಬಿದ್ದು ಕಣ್ಣಿಗೆ ಶ್ರಮ ಕೊಡಬೇಡಿ, ಈ ಪತ್ರವನ್ನೂ ಅತ್ತಿಗೆಯೇ ಓದಿ ಹೇಳಲಿ. ಇಲ್ಲಿ ಎರಡು ಮಳೆ ಬಿದ್ದರೂ ಸೆಕೆ ಇಳಿದಿಲ್ಲ. ಕೆಳಗಿನ ಮನೆಯ ಲೀಲಮ್ಮನವರು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನಿಮ್ಮನ್ನು ವಿಚಾರಿಸುತ್ತಾರೆ.

ನಮ್ಮ ಶಾಲೆಯಲ್ಲಿ ಹನ್ನೊಂದನೇ ತರಗತಿಗೆ ಹೊಸ ಸಂಶೋಧನಾ ಕೋರ್ಸ್ ಶುರುವಾಗುತ್ತದೆ ಎಂದಿದ್ದೆನಲ್ಲ, ಅಂತೂ ಶುರುವಾಯಿತು. ಪಠ್ಯಪುಸ್ತಕವಿಲ್ಲ. ಮಕ್ಕಳು ತಮ್ಮದೇ ಒಂದು ಪ್ರಶ್ನೆ ಹುಡುಕಿಕೊಳ್ಳಬೇಕು, ವರ್ಷವಿಡೀ ಅದರ ಬೆನ್ನು ಹತ್ತಬೇಕು, ಕೊನೆಗೆ ಹೊರಗಿನಿಂದ ಬಂದ ಪ್ರೊಫೆಸರರ ಮುಂದೆ ನಿಂತು ಉತ್ತರ ಹೇಳಬೇಕು. ಪಾಲಕರ ಸಭೆಯಲ್ಲಿ ಅರ್ಧ ಗಂಟೆ ಇದನ್ನೆಲ್ಲ ವಿವರಿಸಿದೆ. ಮುಗಿಸಿದಾಗ ಬಂದದ್ದು ಒಂದೇ ಪ್ರಶ್ನೆ: “ಮ್ಯಾಡಮ್, ಇಸ್‌ಸೇ ಪರ್ಸೆಂಟೇಜ್ ಬಢೇಗಾ ಕ್ಯಾ?” ಇಲ್ಲ, ಇದರಿಂದ ಅಂಕ ಹೆಚ್ಚುವುದಿಲ್ಲ ಎಂದೆ. ಸಭೆ ಅರ್ಧ ಖಾಲಿಯಾಯಿತು. ಕೊನೆಗೆ ಕೋರ್ಸಿಗೆ ಸೇರಿದವರು ಏಳು ಮಕ್ಕಳು. ಈ ವರ್ಷ ಏಳೂ ಚೆನ್ನಾಗಿ ಮುಗಿಸಿದರೆ ಮಾತ್ರ ಮುಂದಿನ ವರ್ಷ ಕೋರ್ಸ್ ಇರುತ್ತದೆ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿಬಿಟ್ಟಿದ್ದಾರೆ.

ಮೊದಲ ತರಗತಿಗೆ ಏನು ತೋರಿಸಲಿ ಎಂದು ಯೋಚಿಸುತ್ತಿದ್ದಾಗ ನಿಮ್ಮ ನೀರಿನ ಪುಸ್ತಕಗಳು ನೆನಪಾದವು. ಅಡುಗೆಮನೆಯ ಮೊಳೆಗೆ ದಾರ ಕಟ್ಟಿ ನೇತುಹಾಕಿರುತ್ತಿದ್ದಿರಲ್ಲ, ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದ ವೇಳೆ, ನಿಂತ ವೇಳೆ, ಇಪ್ಪತ್ತೆರಡು ವರ್ಷ ಬರೆದಿರಿ. ಬಿಲ್ಡಿಂಗಿನವರೆಲ್ಲ ನಿಮ್ಮನ್ನು ಪಾನೀವಾಲೇ ಅಂಕಲ್ ಎನ್ನುತ್ತಿದ್ದರು, ನನಗೆ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಈಗ ಅವನ್ನೇ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಹೆಮ್ಮೆಯಿಂದ ಮಕ್ಕಳ ಮುಂದಿಟ್ಟೆ. ಸಂಶೋಧನೆ ಎಂದರೆ ಇಷ್ಟೇ, ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಖಾಲಿ ಬಿಡಿ ಎಂದೆ. ಒಪ್ಪಿಗೆ ಕೇಳಲು ಫೋನ್ ಮಾಡಿದಾಗ ನೀವು “ಅದೇನು ಮಹಾ” ಅಂದಿರಿ. ಆದರೆ ಮಕ್ಕಳು ಎಲ್ಲ ಪುಸ್ತಕಗಳನ್ನೂ ನೋಡಿದರಾ ಎಂದು ಮೂರು ಸಲ ಕೇಳಿದಿರಿ, ನನಗೆ ಗೊತ್ತಾಯಿತು.

ಧನ್ಯಾ ಎಂಬ ಹುಡುಗಿ ಅವನ್ನೇ ತನ್ನ ವಿಷಯವಾಗಿ ಆರಿಸಿಕೊಂಡಿದ್ದಾಳೆ. ಅಪ್ಪ ಅಮ್ಮ ಧಾರವಾಡದ ಕಡೆಯವರು, ಇವಳು ಹುಟ್ಟಿದ್ದು ಇಲ್ಲೇ. ಒಂದು ವಾಕ್ಯದಲ್ಲಿ ಮೂರು ಭಾಷೆ. ಇಪ್ಪತ್ತೆರಡು ವರ್ಷದ ಬೇಸಿಗೆಗಳಲ್ಲಿ ನೀರಿನ ವೇಳೆ ಹೇಗೆ ಬದಲಾಯಿತು ಎಂಬುದು ಅವಳ ಪ್ರಶ್ನೆ. ಒಂದೊಂದು ಸಾಲನ್ನೂ ಕಂಪ್ಯೂಟರಿಗೆ ಹಾಕುತ್ತಿದ್ದಾಳೆ. ನಿಮ್ಮ ‘೭’ ನೋಡಿದರೆ ಅವಳಿಗೆ ಈಗ ದೂರದಿಂದಲೇ ಗುರುತು ಸಿಗುತ್ತದಂತೆ. ನೀವು ವಾಪಸು ಬಂದಾಗ ಅವಳನ್ನು ಮನೆಗೆ ಕರೆಯುತ್ತೇನೆ. ಅಂಥವಳಿಗೆ ಕಲಿಸುವುದು ನನ್ನ ಭಾಗ್ಯ.

ಅಣ್ಣ, ಅತ್ತಿಗೆಗೆ ನನ್ನ ನೆನಪು ಹೇಳಿ. ಕಪ್ಪು ಕನ್ನಡಕ ತೆಗೆಯಬೇಡಿ. ನಿಮ್ಮ ಆಶೀರ್ವಾದ ನನ್ನ ಏಳು ಮಕ್ಕಳ ಮೇಲೂ ಇರಲಿ.

ನಿಮ್ಮ ಮಗಳು,
ಹರಿಣಿ

ತಾ. ಕ.: ಅತ್ತಿಗೆ, ಈ ಹಾಳೆಯನ್ನು ಓದದೆ ಅಪ್ಪನ ಕೈಗೇ ಕೊಡಿ. ಅಪ್ಪಾ, ನಿಮಗೆ ಕಾಣಲೆಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಧನ್ಯಾ ಮೊನ್ನೆ ಒಂದು ಪುಟ ತಂದು ಮೇಜಿನ ಮೇಲಿಟ್ಟಳು. ೧೯೯೮ರ ಡಿಸೆಂಬರ್. “ಮಿಸ್, ಅಂಕಲ್ ಹಮೇಶಾ ಐದು ಮೂವತ್ತೇಳು, ಐದು ನಲವತ್ತೆರಡು ಅಂತ ಬರೀತಾರೆ. ಈ ಗ್ಯಾರಹ್ ದಿನ್ ಮಾತ್ರ ಎಲ್ಲಾ ನಿಮಿಷದ ಕೊನೆಗೂ ಸೊನ್ನೆ, ಇಲ್ಲಾ ಐದು. ಯಾಕೆ?” ಎಂದಳು. ಗೊತ್ತಿಲ್ಲ, ನೋಡೋಣ ಎಂದೆ. ಗೊತ್ತಿತ್ತು.

ಅಮ್ಮ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ಅವು. ನೀವು ಅವರ ಜೊತೆಗಿದ್ದಿರಿ, ಪುಸ್ತಕವನ್ನು ನನಗೆ ಒಪ್ಪಿಸಿದ್ದಿರಿ. ಅಮ್ಮ ಬರುವುದಿಲ್ಲವೇನೋ ಎಂಬ ಹೆದರಿಕೆಯಲ್ಲಿ ನಾನು ರಜಾಯಿ ಮುಸುಕು ಹಾಕಿ ಮಲಗಿಯೇ ಇರುತ್ತಿದ್ದೆ. ನೀರು ತುಂಬಿಸಿದವರು ಲೀಲಮ್ಮನವರು. ನೀವು ಮರಳಿ ಬರುವ ಹಿಂದಿನ ಸಂಜೆ ಕೂತು ಹನ್ನೊಂದೂ ಸಾಲುಗಳನ್ನು ಒಟ್ಟಿಗೆ ಬರೆದೆ, ನಿಮ್ಮ ಅಕ್ಷರದ ಹಾಗೆಯೇ. ನೀವು ಅಮ್ಮನಿಗೆ ಪುಸ್ತಕ ತೋರಿಸಿ, “ನೋಡೇ, ಇಂಥ ಹೊತ್ತಲ್ಲೂ ಒಂದು ದಿನ ತಪ್ಪಿಸಿಲ್ಲ ನನ್ನ ಮಗಳು” ಅಂದಿರಿ. ನಿಮ್ಮ ಜೇಬಿನ ಪೆನ್ನು ತೆಗೆದು ನನಗೆ ಕೊಟ್ಟಿರಿ. ಇಷ್ಟು ವರ್ಷ ಬಂದವರಿಗೆಲ್ಲ ಆ ಮಾತು ಹೇಳುತ್ತಲೇ ಇದ್ದೀರಿ. ನಾನು ಪಕ್ಕದಲ್ಲಿ ಕೂತು ನಗುತ್ತಲೇ ಇದ್ದೇನೆ.

ಇಪ್ಪತ್ತೊಂದನೇ ತಾರೀಖು ಸೋಮವಾರ ತರಗತಿಯಿದೆ. ಆ ಸಾಲುಗಳನ್ನು ಖಾಲಿ ಬಿಡು, ಬರೆದವಳು ನಾನು ಎಂದು ಏಳು ಮಕ್ಕಳ ಮುಂದೆಯೇ ಧನ್ಯಾಗೆ ಹೇಳುತ್ತೇನೆ. ಅವರಿಗಿಂತ ಮೊದಲು ನಿಮಗೆ ಗೊತ್ತಾಗಬೇಕು. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ, ಶುಕ್ರವಾರದೊಳಗೆ ತಲುಪುತ್ತದೆ. ಬೈಯುವುದಿದ್ದರೆ ಶನಿವಾರ ಫೋನ್ ಮಾಡಿ.

ಇದನ್ನು ಬರೆದದ್ದು ಆ ಪೆನ್ನಿನಲ್ಲೇ. ಅದು ನನ್ನ ಹತ್ತಿರವೇ ಇರಲೋ ಬೇಡವೋ, ಅದನ್ನೂ ಹೇಳಿ.