ಲೈಲಾಕ್ ಪೊದೆಯೊಳಗಿನ ಸ್ಟಾಪ್ ಬೋರ್ಡು

ಜೂನ್ 11, ಬುಧವಾರ

ತೀರಿಕೊಂಡ ಮಿಸೆಸ್ ಕೆಲ್ಸೋ ಅವರ ಮನೆ ಖಾಲಿ ಮಾಡಿದ್ದಾಯಿತು. ಊಟದ ಮೇಜು ಒಂದು. ಕುರ್ಚಿ ಐದು. ಆರನೆಯದನ್ನು ಅವರ ಅಳಿಯ ಎತ್ತಿಕೊಂಡು ಹೋಗಿದ್ದಾನೆ, ಕೇಳಿದರೆ ಮೊದಲಿಂದಲೂ ಐದೇ ಅಂತಾನೆ. ಗಡಿಯಾರ ಮೂರು, ಮೂರಕ್ಕೂ ಬೇರೆ ಬೇರೆ ಹೊತ್ತು. ದರ್ಜಿಯ ಗೊಂಬೆ ಒಂದು, ತಲೆಯಿಲ್ಲದ್ದು. ಎಲ್ಲಾ ಲಾರಿಗೆ ಹೇರಿ ಶನಿವಾರದ ಹರಾಜಿಗೆ ತರುತ್ತಿದ್ದೆ. ಗ್ರೇಂಜ್ ರಸ್ತೆಯ ತಿರುವು ದಾಟಿದ್ದೇ ತಡ, ಲೈಲಾಕ್ ಪೊದೆಯ ಹೊಟ್ಟೆಯಿಂದ ಪೊಲೀಸ್ ಕಾರು ಹುಟ್ಟಿ ಬಂತು. ದೀಪ, ಸೈರನ್, ಸಕಲ ಮರ್ಯಾದೆ.

ಇಳಿದವನು ಪೊಲೀಸ್ ಡೆಪ್ಯುಟಿ ಪ್ರಾಟ್. ಈ ಕಡೆಗೆ ಹೊಸಬ, ಬೂಟಿನ ಹೊಳಪು ಇನ್ನೂ ಹೋಗಿಲ್ಲ.

"ಸ್ಟಾಪ್ ಬೋರ್ಡಿಗೆ ನಿಲ್ಲಿಸಲಿಲ್ಲ ಮೇಡಂ ನೀವು."

"ಯಾವ ಬೋರ್ಡು?"

"ಅಲ್ಲಿದೆಯಲ್ಲ, ಅದು."

ತಿರುಗಿ ನೋಡಿದೆ. ಬರೀ ಎಲೆ. ಎಲೆ ಮಧ್ಯೆ ಹುಗಿದಿಟ್ಟ ಹಾಗೆ ಒಂದಂಗುಲ ಕೆಂಪು.

"ಅದಾ? ಹೂವು ಅಂದ್ಕೊಂಡೆ," ಅಂದೆ. ನಗಲಿಲ್ಲ. ದಂಡದ ಚೀಟಿ ಹರಿದು ಕೊಟ್ಟ.

ಸ್ಟಾಪ್ ಬೋರ್ಡಿದ್ದಲ್ಲಿ ಗಾಡಿ ಪೂರ್ತಿ ನಿಲ್ಲಿಸಿ ಆಮೇಲೆ ಹೋಗಬೇಕು ಅನ್ನುವುದು ಕಾನೂನು. ನಿಲ್ಲಿಸಿದೆನಾ? ಇಲ್ಲಿ ಬರೆಯಬಹುದು, ಯಾರೂ ಓದಲ್ಲ. ಪೂರ್ತಿ ನಿಲ್ಲಿಸಲಿಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಉರುಳಿಸಿದೆ.

ಹಳೆಯ ವೇಗದ ಕೇಸು ಎರಡು, ಲೈಸೆನ್ಸಿನ ಮೇಲೆ ತಲಾ ನಾಲ್ಕು ತಪ್ಪಿನ ಪಾಯಿಂಟು. ಇದಕ್ಕೆ ಮೂರು. ಸೇರಿದರೆ ಹನ್ನೊಂದು. ಹನ್ನೊಂದಕ್ಕೆ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಲಾರಿ ಓಡಿಸದ ಹರಾಜುಗಾರ್ತಿ ಏನು ಮಾಡಬೇಕು? ಸತ್ತವರ ಮನೆಯ ಮೇಜು ತಾನಾಗಿ ನಾಲ್ಕು ಕಾಲಲ್ಲಿ ನಡೆದು ಬರುತ್ತಾ?

ಜೂನ್ 12

ಬೆಳಗಿನ ತಿಂಡಿಗೆ ಹೋಟೆಲಲ್ಲಿ ಓರಿನ್ ಸಿಕ್ಕಿದ. ನಮ್ಮ ಊರಿನ ರಸ್ತೆ ಮೇಲ್ವಿಚಾರಕ, ನನ್ನ ಜೊತೆ ಶಾಲೆ ಓದಿದವನು. ಮೊಟ್ಟೆ ತಣ್ಣಗಾಗುವವರೆಗೂ ಹೇಳಿದೆ. ಪೊದೆ, ಬೋರ್ಡು, ಬೂಟು, ಎಲ್ಲಾ. ತಲೆ ಆಡಿಸಿದ. "ಅನ್ಯಾಯ ಕಣೇ ವೆಲ್ಮಾ," ಅಂದ. ಸಮಾಧಾನ ಆಯಿತು.

ವಕೀಲರನ್ನು ಇಡು ಅಂದ. ಇಪ್ಪತ್ತೆಂಟು ವರ್ಷ ಮಾತಾಡಿಯೇ ಬದುಕಿದವಳು ನಾನು. ನನಗೆ ಬಾಡಿಗೆ ಬಾಯಿ ಯಾಕೆ?

ಜೂನ್ 14, ಹರಾಜಾದ ಮೇಲೆ

ಕ್ಯಾಮೆರಾ ಹಿಡಿದು ತಿರುವಿಗೆ ಹೋದೆ. ಪೊದೆಯ ಫೋಟೋ ನ್ಯಾಯಾಧೀಶರ ಮುಂದೆ ಇಟ್ಟರೆ ಮುಗಿಯಿತು...

ಪೊದೆ ಇಲ್ಲ.

ಅಂದರೆ ಇದೆ, ಮಿಲಿಟರಿಗೆ ಸೇರಿದವನ ತಲೆಯ ಹಾಗೆ. ಬೋರ್ಡು ಮೈಲಿ ದೂರಕ್ಕೆ ಕೆಂಪಗೆ ನಗುತ್ತಿದೆ. ತೊಳೆದಿದ್ದಾರೆ ಬೇರೆ.

ಓರಿನ್‌ಗೆ ಫೋನ್ ಮಾಡಿದೆ. ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು.

"ನೋಡಿದ್ಯಾ? ನಿನ್ನೆ ಬೆಳಿಗ್ಗೇನೇ ಕತ್ತರಿಸಿ ಹಾಕಿಸ್ದೆ. ಇನ್ಮೇಲೆ ಯಾರಿಗೂ ನಿನ್ನ ಗತಿ ಬರಬಾರದು ಅಂತ."

"ನನ್ನ ಸಾಕ್ಷಿ ಕಣೋ ಅದು! ಕೊಂಬೆ ಎಲ್ಲಿ?"

"ಪುಡಿ ಮಾಡೋ ಯಂತ್ರಕ್ಕೆ ಹಾಕಿದ್ವಿ. ಶಾಲೆಯ ಹೂದೋಟಕ್ಕೆ ಹರಡಿದಾರೆ. ಚೆನ್ನಾಗಿ ಕಾಣ್ಸುತ್ತೆ."

"ಹಾಗಾದ್ರೆ ಕೋರ್ಟಿಗೆ ಬಂದು ಹೇಳು, ಪೊದೆ ಎಷ್ಟು ಬೆಳೆದಿತ್ತು ಅಂತ."

ಓರಿನ್ ರಾಗ ಎಳೆದ. ಆಮೇಲೆ, "ಅದನ್ನ ಕತ್ತರಿಸೋದು ಯಾರ ಕೆಲಸ ಅಂತ ಕೇಳ್ತಾರಲ್ಲ ವೆಲ್ಮಾ..."

ಕೇಳೇ ಕೇಳ್ತಾರೆ. ಸಾಕ್ಷಿಯೂ ಹೋಯಿತು, ಸಾಕ್ಷಿದಾರನೂ ಹೋದ. ಉಪಕಾರ ಮಾಡುವವರಿಂದ ದೇವರೇ ಕಾಪಾಡಬೇಕು.

ಜೂನ್ 19

ಆದರೂ ಚೀಟಿಯ ಹಿಂದೆ 'ತಪ್ಪಿತಸ್ಥಳಲ್ಲ' ಅನ್ನುವ ಚೌಕಕ್ಕೆ ಗುರುತು ಹಾಕಿ ಅಂಚೆಗೆ ಹಾಕಿದೆ. ಹಾಕಿದ ಮೇಲೆ ಅಂಚೆ ಡಬ್ಬಿಗೊಂದು ತಟ್ಟು ಕೊಟ್ಟೆ. ಚೆನ್ನಾಗಿತ್ತು.

ಜುಲೈ 16

ಕೋರ್ಟಿಗೆ ಮೊದಲ ಹಾಜರಿ. ಟೌನ್ ಹಾಲ್‌ನಲ್ಲಿ, ಹಿಮ ಎತ್ತುವ ಲಾರಿಗಳ ಶೆಡ್ಡಿನ ಪಕ್ಕ. ಬೆಂಚಲ್ಲಿ ಹದಿನಾಲ್ಕು ಜನ, ಹನ್ನೊಂದು ಟೋಪಿ. ಸರ್ಕಾರಿ ವಕೀಲೆ ಮಿಸ್ ಹೇವನ್ಸ್ ಒಬ್ಬೊಬ್ಬರನ್ನೇ ಮೊಗಸಾಲೆಗೆ ಕರೆದು ವ್ಯಾಪಾರ ಕುದುರಿಸುತ್ತಾಳೆ. ನಮ್ಮ ಕಡೆಯ ಪದ್ಧತಿ ಇದು: ಬಿರುಗಾಳಿಯ ಹಾಗೆ ಓಡಿಸಿ ಸಿಕ್ಕಿಬಿದ್ದವನು 'ನಿಲ್ಲಿಸಬಾರದ ಜಾಗದಲ್ಲಿ ಗಾಡಿ ನಿಲ್ಲಿಸಿದೆ' ಅಂತ ತಪ್ಪೊಪ್ಪಿಕೊಳ್ಳುವುದು. ಅದಕ್ಕೆ ಪಾಯಿಂಟ್ ಇಲ್ಲ. ಎಂದೂ ನಿಲ್ಲದವರು ನಿಂತೆ ಅಂತ ಹೇಳಿ ಪಾರಾಗುತ್ತಾರೆ. ನನ್ನ ಸರದಿ ಬಂತು.

"ನನಗೂ ಅದೇ ಕೊಡಮ್ಮ," ಅಂದೆ.

ಕಾಗದ ನೋಡಿದಳು. "ಆಗಲೇ ಎಂಟು ಪಾಯಿಂಟ್ ಇದೆ ಮೇಡಂ. ಎಂಟು ಇರೋರಿಗೆ ಈ ರಿಯಾಯಿತಿ ಇಲ್ಲ. ಒಪ್ಕೊಳ್ಳಿ, ಇಲ್ಲಾ ವಿಚಾರಣೆ."

"ವಿಚಾರಣೆ," ಅಂದೆ.

"ವಕೀಲರು ಯಾರು?"

"ಎದುರಿಗೆ ನಿಂತಿದಾಳೆ."

ಬೆಂಚಿಂದ ಯಾರೋ ಶಿಳ್ಳೆ ಹೊಡೆದರು. ವಿಚಾರಣೆ ಆಗಸ್ಟ್ 20.

ಆಗಸ್ಟ್ 17, ನನ್ನ ಹರಾಜಿನ ಶೆಡ್ಡಿನಲ್ಲಿ

ದರ್ಜಿಯ ಗೊಂಬೆ ಮಾರಾಟ ಆಗಲಿಲ್ಲ. ಅದನ್ನೇ ಡೆಪ್ಯುಟಿ ಮಾಡಿ ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಿದ್ದೇನೆ. ನಾಲ್ಕು ದಿನವಾಯಿತು. ಗೊಂಬೆ ಹಟಮಾರಿ, ಏನನ್ನೂ ಒಪ್ಪುವುದಿಲ್ಲ.

ಇವತ್ತು ಅದರ ಹಿಂದೆ ಬಿದ್ದ ಸೂಜಿಪೆಟ್ಟಿಗೆ ಹುಡುಕಲು ಬಗ್ಗಿದೆ. ಗೊಂಬೆಯ ಅಗಲದ ಲಂಗ ಅದನ್ನು ಪೂರ್ತಿ ಮುಚ್ಚಿಬಿಟ್ಟಿತ್ತು... ಅಯ್ಯೋ! ಪೊದೆಯ ಫೋಟೋ ಯಾಕೆ ಬೇಕು ನನಗೆ? ಆ ಪೊದೆಯೊಳಗೆ ಒಬ್ಬ ಮನುಷ್ಯ ಕಾರು ಸಮೇತ ಕೂತಿದ್ದನಲ್ಲ!

ಊಟ ಸೇರಲಿಲ್ಲ. ಪ್ರಶ್ನೆ ಬರೆದಿಟ್ಟೆ. ಐದೇ ಐದು.

ಆಗಸ್ಟ್ 20, ಸಂಜೆ 7:50

ಇದ್ದದ್ದು ಇದ್ದ ಹಾಗೆ ಬರೆಯಬೇಕು.

ನ್ಯಾಯಾಧೀಶ ಟ್ಯಾಗರ್ಟ್. ಹಗಲು ಟ್ರ್ಯಾಕ್ಟರ್ ಬಿಡಿಭಾಗ ಮಾರುತ್ತಾರೆ, ಬುಧವಾರ ಸಂಜೆ ಕರಿ ನಿಲುವಂಗಿ. ಓರಿನ್ ಕೊನೇ ಬೆಂಚಲ್ಲಿ ಟೋಪಿ ಮೂಗಿಗೆ ಎಳೆದು ಕೂತಿದ್ದ. ಪ್ರಾಟ್ ಪ್ರಮಾಣ ಮಾಡಿ, ನಾನು ನಿಲ್ಲಿಸಲಿಲ್ಲ ಅಂತ ನಾಲ್ಕು ಮಾತಲ್ಲಿ ಹೇಳಿದ. ಮಿಸ್ ಹೇವನ್ಸ್ ಕೂತಳು. ನಾನು ಎದ್ದೆ. ಮೊದಲ ಪ್ರಶ್ನೆ ಹರಾಜು ಕೂಗುವ ವೇಗದಲ್ಲಿ ಬಾಯಿಂದ ಹಾರಿಹೋಯಿತು.

"ನಿಧಾನ ವೆಲ್ಮಾ," ಅಂದರು ಟ್ಯಾಗರ್ಟ್. "ಇಲ್ಲಿ ಯಾರೂ ಸವಾಲು ಕೂಗ್ತಿಲ್ಲ. ಕೋರ್ಟಿನ ಟೇಪಿನಲ್ಲಿ ನಿನ್ನ ಮಾತು ಸರಿಯಾಗಿ ಮೂಡಬೇಕು."

ಮತ್ತೆ ಮೊದಲಿಂದ ಶುರು ಮಾಡಿದೆ.

"ಆವತ್ತು ಕಾರು ಎಲ್ಲಿ ನಿಲ್ಲಿಸಿದ್ರಿ ಡೆಪ್ಯುಟಿ?"

"ಮೂಲೇಲಿ. ಲೈಲಾಕ್ ಹಿಂದೆ."

"ಅಲ್ಲೇ ಯಾಕೆ?"

"ಓಡಿಸೋರಿಗೆ ಕಾಣಬಾರದು ಅಂತ." ಎದೆ ಸ್ವಲ್ಪ ಉಬ್ಬಿತು. "ಒಳ್ಳೇ ಜಾಗ ಮೇಡಂ ಅದು."

"ಕಾರು ಪೂರ್ತಿ ಮುಚ್ಚೋದಾ? ಮೇಲಿನ ದೀಪ ಕೂಡ?"

"ಪೂರ್ತಿ."

"ಬೋರ್ಡು ಇದ್ದದ್ದು ಅದೇ ಪೊದೇಲಾ?"

ತನ್ನ ಬೂಟು ನೋಡಿಕೊಂಡ. "...ಹೌದು."

"ನಿಮಗೆ ಅಲ್ಲಿಂದ ಬೋರ್ಡು ಕಾಣಿಸ್ತಿತ್ತಾ?"

"ಇಲ್ಲ. ಕೆಳಗಿನ ಸಂದಿಯಿಂದ ನಿಮ್ಮ ಚಕ್ರ ಕಾಣಿಸ್ತಿತ್ತು. ಉರುಳ್ತಾನೇ ಇತ್ತು."

ಬೆಂಚುಗಳಲ್ಲಿ ಗುಸುಗುಸು. ಓರಿನ್ ಟೋಪಿ ಮೇಲೆ ಹೋಯಿತು. ಇಡೀ ಕಾರನ್ನೇ ನುಂಗಿದ ಪೊದೆ ತಟ್ಟೆಯಷ್ಟಗಲದ ಬೋರ್ಡನ್ನ ಬಿಡುತ್ತಾ ಅಂತ ಟ್ಯಾಗರ್ಟ್ ಕಡೆ ತಿರುಗಿ ಅಂದು ಕೂತೆ. ಕಿವಿ ಕೆಂಪಾಗಿತ್ತು, ಸಂತೋಷಕ್ಕೆ. ಪ್ರಮಾಣ ಮಾಡಿ ನನ್ನ ಕಥೆಯನ್ನೂ ಹೇಳಿದೆ, ಪುಟಾಣಿ ಭಾಷಣ. ಹೇಳಬಾರದಿತ್ತು. ಸಾಕ್ಷಿ ಹೇಳಿದವಳಿಗೆ ಎದುರು ಪ್ರಶ್ನೆ ಬರುತ್ತೆ ಅನ್ನುವುದನ್ನು ಗೊಂಬೆ ಹೇಳಿಕೊಟ್ಟಿರಲಿಲ್ಲ.

ಮಿಸ್ ಹೇವನ್ಸ್ ಕುರ್ಚಿಯಿಂದ ಏಳಲೂ ಇಲ್ಲ.

"ಈ ಊರಲ್ಲಿ ಎಷ್ಟು ವರ್ಷದಿಂದ ಇದೀರಿ ಮೇಡಂ?"

"ಹುಟ್ಟಿದಾಗಿಂದ. ಐವತ್ತೊಂಬತ್ತು."

"ಅಲ್ಲಿ ಬೋರ್ಡಿದೆ ಅಂತ ನಿಮಗೆ ಗೊತ್ತಿತ್ತಾ?"

ಅಷ್ಟೇ. ಒಂದೇ ಒಂದು. ನನ್ನ ಐದು ಪ್ರಶ್ನೆಗಿಂತ ತೂಕದ್ದು.

'ಇಲ್ಲ' ಅನ್ನಬಹುದಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು, ಮುಚ್ಚಿಡುವುದೇಕೆ. ಬೈಬಲ್ ಇನ್ನೂ ಮೇಜಿನ ಮೇಲಿತ್ತು, ನನ್ನ ಬೆವರಿನ ಗುರುತು ಆರಿರಲಿಲ್ಲ. ಕೋಣೆಯಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಬಿರುಕು ಬಿಟ್ಟ ಪಿಂಗಾಣಿಗೆ ಬಿರುಕಿದೆ ಅಂತ ಮೊದಲೇ ಹೇಳಿ ಮಾರಿದವಳು ನಾನು.

"ಗೊತ್ತಿತ್ತು," ಅಂದೆ. "ಆ ಬೋರ್ಡು ನೆಟ್ಟ ದಿನವೂ ನೆನಪಿದೆ."

"ನಿಲ್ಲಿಸಿದ್ರಾ?"

"ಪೂರ್ತಿ ಇಲ್ಲ."

ಓರಿನ್ ಟೋಪಿ ಮತ್ತೆ ಕೆಳಗೆ. ಲೈಸೆನ್ಸ್ ಹೋಯಿತು ಅಂದುಕೊಂಡೆ. ಮನಸ್ಸಿನಲ್ಲೇ ಲಾರಿಯನ್ನೂ ಪಟ್ಟಿಗೆ ಸೇರಿಸಿಬಿಟ್ಟೆ: ಒಂದು, ಹಳೆಯದು, ಚೆನ್ನಾಗಿ ಓಡುತ್ತದೆ.

ಟ್ಯಾಗರ್ಟ್ ಕನ್ನಡಕ ಏರಿಸಿ ದಪ್ಪ ಪುಸ್ತಕ ತೆರೆದರು. ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ತಿರುವಿದರು. ಒಂದು ಯುಗ.

"ಮಿಸ್ ಹೇವನ್ಸ್, ಇಲ್ಲಿ ಬರೆದಿರೋದು ಇಷ್ಟು. ಸಾಧಾರಣ ಗಮನ ಇಟ್ಟು ಹೋಗೋ ಮನುಷ್ಯನಿಗೆ ಫಲಕ ಕಾಣದಿದ್ರೆ, ಅದನ್ನ ಮೀರಿದ ಅಂತ ಯಾರ ಮೇಲೂ ಕೇಸು ನಿಲ್ಲಲ್ಲ. ಕಾಣ್ತಿತ್ತಾ ಅಂತ ಕೇಳುತ್ತೆ ಕಾನೂನು. ವೆಲ್ಮಾಗೆ ಗೊತ್ತಿತ್ತಾ ಅಂತ ಕೇಳಲ್ಲ. ಕಾಣ್ತಿರಲಿಲ್ಲ ಅಂತ ನಿಮ್ಮ ಡೆಪ್ಯುಟಿನೇ ಹೇಳಿದಾರೆ. ತಪ್ಪಿತಸ್ಥಳಲ್ಲ." ನನ್ನ ಕಡೆ ತಿರುಗಿದರು. "ನೀನು ನಿಲ್ಲಿಸಬೇಕಿತ್ತು."

"ಹೌದು ಯುವರ್ ಆನರ್."

ಬೇರೆ ಒಂದು ಪದ ಆಡಲಿಲ್ಲ. ನನ್ನ ಜೀವಮಾನದ ದಾಖಲೆ ಅದು. ಹೊರಗೆ ಓರಿನ್ ನನ್ನನ್ನು ಎತ್ತಿ ತಿರುಗಿಸಿಬಿಟ್ಟ, ಅವನ ಸೊಂಟಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದೂ.

ಲಾರಿ ಹತ್ತುವಾಗ ಹಿಂದೆ ಬೂಟಿನ ಸದ್ದು. ಪ್ರಾಟ್.

"ಮೇಡಂ, ನಿಮ್ಮ ಎಡಗಡೆ ಬ್ರೇಕ್ ದೀಪ ಹತ್ತುತ್ತಿಲ್ಲ."

"ಚೀಟಿ ಬರೀತೀರಾ?"

"ನಿಮಗಾ?" ಕೈ ಮುಗಿಯುವುದೊಂದು ಬಾಕಿ. "ಬೇಡಪ್ಪಾ. ಸುಮ್ನೆ ಹೇಳಿದೆ."

ಮೊದಲ ಸಲ ನಕ್ಕಿದ್ದು ನೋಡಿದೆ. ಹಲ್ಲು ಚೆನ್ನಾಗಿದೆ.

ಆಗಸ್ಟ್ 21, ಬೆಳಿಗ್ಗೆ 8:15

ಒಂಬತ್ತಕ್ಕೆ ಹಿಲ್ ರಸ್ತೆಯ ಮನೆ ಖಾಲಿ ಮಾಡುವುದಿದೆ, ಪಿಯಾನೋ ಇದೆಯಂತೆ. ಲೈಸೆನ್ಸ್ ಪರ್ಸಿನಲ್ಲೇ ಇದೆ, ಎರಡು ಸಲ ತೆಗೆದು ನೋಡಿದೆ. ಬಲ್ಬು ತಂದು ನಾನೇ ಹಾಕಿದೆ. ಓರಿನ್ ಲಾರಿಯ ಹಿಂದೆ ನಿಂತಿದ್ದಾನೆ. ಬ್ರೇಕ್ ತುಳಿದೆ. "ಎಡಗಡೆದು ಹತ್ತಿತು!" ಅಂತ ಕೂಗಿದ. ಇನ್ನೊಂದು ಕಡೆ ಬಗ್ಗಿ ನೋಡಿದ. ಆಮೇಲೆ, "ವೆಲ್ಮಾ, ಬಲಗಡೆದು..."