ಇಂಚರಾಳ ಬೆಕ್ಕು

ಶೋವ್ಡೆ, ಸ್ವೀಡನ್, ೧೩ ನವೆಂಬರ್ ೨೦೦೫, ಭಾನುವಾರ

ಕಂಪ್ಯೂಟರ್ ಈಗ ಚುರುಕಾಗಿದೆ. ಇಷ್ಟು ದಿನ ಆನ್ ಆಗಲು ಹತ್ತು ನಿಮಿಷ ಸತಾಯಿಸುತ್ತಿತ್ತು. ತಾನಾಗಿ ಶುರುವಾಗುವ ಬೇಡದ ಪ್ರೋಗ್ರಾಂಗಳನ್ನು ತೆಗೆದುಹಾಕು ಎಂದು ಶುಕ್ರವಾರ ಆಫೀಸಿನಲ್ಲಿ ಫೀಕಾ ಹೊತ್ತಿಗೆ, ಕಾಫಿ ಕುಡಿಯುತ್ತಾ, ಸಹೋದ್ಯೋಗಿ ಲೆನ್ನಾರ್ಟ್ ಹೇಳಿದ್ದ. ಇವತ್ತು ಕೂತು ಹೆಸರು ಗೊತ್ತಿಲ್ಲದವನ್ನೆಲ್ಲ ಅಳಿಸಿದೆ. ಪರದೆಯ ಮೇಲೆ ಓಡಾಡುತ್ತಿದ್ದ ಮಗಳ ಆಟದ ಬೆಕ್ಕೂ ಅವುಗಳಲ್ಲಿತ್ತು ಎಂದು ಆಮೇಲೆ ತಿಳಿಯಿತು. ಮೂರು ವರ್ಷದಿಂದ ಸಾಕುತ್ತಿದ್ದಳು. ಇಂಚರಾ ಒಂದು ವಾರ ನನ್ನ ಹತ್ತಿರ, ಒಂದು ವಾರ ಅವಳ ಅಮ್ಮನ ಹತ್ತಿರ. ಅವಳಿಲ್ಲದ ವಾರ ಬೆಕ್ಕಿಗೆ ಮೌಸಿನಿಂದ ಮೀನು ಹಾಕುವುದು ನನ್ನ ಕೆಲಸ.

ಸಂಜೆ ಫೋನ್ ಮಾಡಿದಳು. ಏನು ಕೇಳಿದರೂ ಸ್ವೀಡಿಷಿನಲ್ಲೇ ಉತ್ತರ. ಕೊನೆಗೆ ಅವಳಾಗಿಯೇ ಕನ್ನಡದಲ್ಲಿ ಕೇಳಿದಳು: "ಅಪ್ಪಾ, ಮೀನು ಹಾಕಿದ್ಯಾ?"

"ಹಾಕ್ದೆ ಪುಟ್ಟಿ," ಅಂದೆ.

ನಾಳೆ ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬರುತ್ತಾಳೆ.