ತೊಳೆಯದ ಕಾರ್ಡು

ಮಾರ್ಚ್ ೧೧, ಮಂಗಳವಾರ.

ಹಡಗಿನಲ್ಲಿ ವಾಂತಿ-ಭೇದಿಯಿಂದ ಮಲಗಿದ ಪ್ರಯಾಣಿಕರು ಇವತ್ತಿಗೆ ಮೂವತ್ತೊಂದು ಮಂದಿ. ಮೂರು ದಿನದ ಹಿಂದೆ ಹನ್ನೆರಡೇ ಇದ್ದರು.

"ಜೋರು ಮಾಡ್ಬೇಡ, ನಗಿಸಿ ಕೈ ತೊಳೆಸು" ಎಂದು ಮೇಲ್ವಿಚಾರಕರು ನನ್ನನ್ನು ಊಟದ ಹಾಲಿನ ಬಾಗಿಲಲ್ಲಿ ನಿಲ್ಲಿಸಿದ್ದು ಆಗಲೇ. "ಕೈ ತೊಳ್ಕೊಂಡೋರಿಗೇ ಕಿಟಕಿ ಸೀಟು!" ಎಂದರೆ ಕೋಟು ತೊಟ್ಟ ಮುದುಕರೂ ಮಕ್ಕಳಂತೆ ಸಾಲುಗಟ್ಟುತ್ತಿದ್ದರು. ಕೈ ತೊಳೆಯದೆ ನಕ್ಕು ನುಸುಳಿಕೊಂಡವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಇವತ್ತು ಮಧ್ಯಾಹ್ನ ಊರುಗೋಲಿನ ಅಜ್ಜಿಯೊಬ್ಬರು ಬೆರಳ ಸಂದಿಯನ್ನೂ ಬಿಡದೆ ಕೈ ತೊಳೆದರು. ನಾನು ಮೆನು ಕಾರ್ಡು ಚಾಚಿದೆ. ಅವರು ಮುಟ್ಟಲಿಲ್ಲ.

"ಇದನ್ನ ಯಾವಾಗ ತೊಳೆದ್ಯಮ್ಮ?"

"ಕಾರ್ಡನ್ನಾ?"

"ಊಟ ಮುಗಿಸಿ ಹೋದೋರ ಕೈಯಿಂದ ಈಗ ತಾನೇ ಇಸ್ಕೊಂಡ್ಯಲ್ಲ."

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಮೂರು ದಿನ, ತೊಳೆದ ಒಂದೊಂದು ಕೈಗೂ ಆ ಕಾರ್ಡುಗಳನ್ನು ಕೊಟ್ಟವಳು ನಾನು.

ಸಂಜೆ ಒಬ್ಬಳೇ ಕೂತು ಅವನ್ನೆಲ್ಲ ಸೋಪುನೀರಿನಲ್ಲಿ ಒರೆಸುತ್ತಿದ್ದಾಗ ಮೇಲ್ವಿಚಾರಕರು ಬಂದರು. "ಕಾರ್ಡನ್ನೂ ಬಿಡಲ್ವಲ್ಲ ನೀನು! ನಿನ್ನಷ್ಟು ಶ್ರದ್ಧೆ ಇನ್ಯಾರಿಗಿದೆ?" ಎಂದರು.

ಮೂರು ದಿನ ಅವನ್ನು ತೊಳೆದೇ ಇರಲಿಲ್ಲವೆಂದು ಆಗಲೇ ಹೇಳಬೇಕಿತ್ತು. ನಾನೂ ನಕ್ಕು ನುಸುಳಿಕೊಂಡೆ.

ನಾಳೆ ತಿಂಡಿಗೆ ಬಾಗಿಲು ತೆರೆಯುವ ಮೊದಲೇ ಅವರ ಹತ್ತಿರ ಹೋಗಿ…